ಕಲಬುರಗಿಯಿಂದ ಲಕ್ಷದ್ವೀಪಕ್ಕೆ: ಗಂಡ-ಹೆಂಡತಿ ಇಬ್ಬರೇ ಹಡಗಿನಲ್ಲಿ ಹೋಗಿಬರುವುದು ಹೇಗೆ

ಕಲಬುರಗಿಯವರಿಗೆ ಸಮುದ್ರ ಅಂದರೆ ದೂರದ ನೆಂಟರಿದ್ದ ಹಾಗೆ. ಇದ್ದಾರೆ ಅಂತ ಗೊತ್ತು, ಹೋಗಿ ಬರುವ ರೂಢಿ ಇಲ್ಲ. ನನಗೂ ನಮ್ಮ ಮನೆಯವರಿಗೂ ಗಾಣಗಾಪುರದ ಸಂಗಮದಲ್ಲಿ ಮೊಣಕಾಲುದ್ದ ನೀರಿಗೆ ಇಳಿದದ್ದೇ ದೊಡ್ಡ ಸಾಹಸ. ಅವರು ನಿವೃತ್ತರಾದ ಮೇಲೆ ಒಂದು ಚಳಿಗಾಲ ಇಬ್ಬರೇ ಹಡಗು ಹತ್ತಿ ಲಕ್ಷದ್ವೀಪ ನೋಡಿ ಬಂದೆವು. ಅವತ್ತಿನಿಂದ ಓಣಿಯವರು, ಬೀಗರು, ಎಲ್ಲರದೂ ಒಂದೇ ಪ್ರಶ್ನೆ: "ಹೆಂಗ್ ಹೋದ್ರಿ, ಎಷ್ಟಾತು?" ಎಷ್ಟಾಯಿತು ಅನ್ನೋದು ವರ್ಷ ವರ್ಷ ಬದಲಾಗುತ್ತದೆ, ಬುಕ್ ಮಾಡುವಾಗ ಕೇಳಿಕೊಳ್ಳಿ. ಹೆಂಗೆ ಅನ್ನೋದನ್ನು ಇಲ್ಲಿ ಬರೆಯುತ್ತೇನೆ.

ಶುರುವಿಗೇ ಒಂದು ಮಾತು. ನಾವು ಜಾಸ್ತಿ ಯೋಚನೆ ಮಾಡಿದ್ದು ದುಡ್ಡಿನ ಬಗ್ಗೆ. ಕೊನೆಗೆ ನಮ್ಮನ್ನು ಕಾಪಾಡಿದ್ದು ದುಡ್ಡಲ್ಲ, ಹಿಂದೆ ಒಂದು ಮುಂದೆ ಒಂದು ಅಂತ ಸುಮ್ನೆ ಇಟ್ಟುಕೊಂಡಿದ್ದ ಎರಡು ಖಾಲಿ ದಿನ. ಬಸ್ಸು ತಪ್ಪಿದರೆ ಇನ್ನೊಂದು ಬಸ್ಸು ಬರುತ್ತದೆ. ಹಡಗು ತಪ್ಪಿದರೆ ಪ್ರವಾಸವೇ ತಪ್ಪಿತು. ಕೆಳಗೆ ಬರೆದದ್ದನ್ನೆಲ್ಲ ಮರೆತರೂ ಆ ಎರಡು ದಿನ ಮಾತ್ರ ಮರೆಯಬೇಡಿ.

ತೊಗರಿ ರಾಶಿ ಮುಗಿಯಲಿ

ಲಕ್ಷದ್ವೀಪಕ್ಕೆ ಅಕ್ಟೋಬರ್‌ನಿಂದ ಮೇ ಮಧ್ಯದ ತನಕ ಹೋಗಬಹುದು ಅನ್ನುತ್ತಾರೆ. ಅದರಲ್ಲೂ ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದ ತನಕ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಅದಕ್ಕೆ ಎರಡು ಕಾರಣ.

ಒಂದು ಸಮುದ್ರದ್ದು. ನವೆಂಬರ್, ಡಿಸೆಂಬರ್‌ನಲ್ಲಿ ಆ ಕಡೆ ಹಿಂಗಾರು ಮಳೆಯೂ ಇರುತ್ತದೆ, ಚಂಡಮಾರುತವೂ ಏಳುತ್ತದೆ. 2017ರಲ್ಲಿ ಓಖಿ ಚಂಡಮಾರುತ ಲಕ್ಷದ್ವೀಪಕ್ಕೆ ಬಡಿದದ್ದು ಡಿಸೆಂಬರ್ ಮೊದಲ ವಾರದಲ್ಲೇ. ಸಂಕ್ರಾಂತಿ ಕಳೆದ ಮೇಲೆ ಸಮುದ್ರ ಸಾಮಾನ್ಯವಾಗಿ ಶಾಂತ. ನೀರು ತಿಳಿಯಾಗಿ ಹವಳ ಚೆನ್ನಾಗಿ ಕಾಣುತ್ತದೆ.

ಇನ್ನೊಂದು ನಮ್ಮದು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಭಜ್ಜಿ ರೊಟ್ಟಿ ಉಣ್ಣದೆ ಹಡಗು ಹತ್ತಿದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಹೊಲ ಇದ್ದವರಿಗೆ ಡಿಸೆಂಬರ್, ಜನವರಿ ಅಂದರೆ ತೊಗರಿ ರಾಶಿ. ಕೈಯಲ್ಲಿ ದುಡ್ಡು ಆಡುವುದೂ ಆಮೇಲೆಯೇ, ಅಲ್ವಾ? ಮಾರ್ಚ್‌ನಲ್ಲಿ ಶರಣಬಸವೇಶ್ವರ ಜಾತ್ರೆಯ ದಿನ ನೋಡಿಕೊಂಡು, ಅದರ ಮುಂಚೆ ಊರಿಗೆ ಮುಟ್ಟುವ ಹಾಗೆ ಲೆಕ್ಕ ಹಾಕಿ.

ಯಾವ ಹಡಗು?

ಹಡಗಿನ ಪ್ರವಾಸಕ್ಕೆ ನಮ್ಮ ಭಾಗದವರಿಗೆ ಮುಖ್ಯವಾಗಿ ಮೂರು ದಾರಿ. ಮೂರಕ್ಕೂ ಭಾಳ ಫರಕು ಇದೆ.

ಮೊದಲನೆಯದು ಮುಂಬೈಯಿಂದ ಹೊರಡುವ ಖಾಸಗಿ ಕ್ರೂಸ್. ಕಾರ್ಡೆಲಿಯಾ ಕಂಪನಿ 2021ರಿಂದ 'ಎಂಪ್ರೆಸ್' ಹಡಗನ್ನು ಓಡಿಸುತ್ತಿದೆ. ಗೋವಾ, ಕೊಚ್ಚಿ, ಲಕ್ಷದ್ವೀಪ ಅಂತ ಬೇರೆ ಬೇರೆ ಮಾರ್ಗ. ಹನ್ನೊಂದು ಅಂತಸ್ತಿನ ಹಡಗು, ಒಳಗೆ ಈಜುಕೊಳ, ನಾಟಕಶಾಲೆ, ಹಲವು ಹೋಟೆಲ್. ಕಲಬುರಗಿಯವರಿಗೆ ಇದರ ದೊಡ್ಡ ಅನುಕೂಲ ರೈಲು. ರಾತ್ರಿ ಇಲ್ಲಿ ಹತ್ತಿದರೆ ಬೆಳಗ್ಗೆ ಮುಂಬೈಯ ಸಿಎಸ್‌ಎಂಟಿ ನಿಲ್ದಾಣ. ಅಲ್ಲಿಂದ ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಟ್ಯಾಕ್ಸಿಯಲ್ಲಿ ಸ್ವಲ್ಪೇ ದೂರ. ಆದರೆ ಇದು ಹಡಗಿನ ಪ್ರವಾಸ, ದ್ವೀಪದ ಪ್ರವಾಸ ಕಡಿಮೆ. ಹೆಚ್ಚಿನ ಹೊತ್ತು ಹಡಗಿನೊಳಗೇ ಕಳೆಯುತ್ತದೆ. ಸಂಗೀತ, ಜನ, ಗದ್ದಲ ಇಷ್ಟ ಇರುವ ಹೊಸ ಜೋಡಿಗೆ ಚೆನ್ನ. ಟಿಕೆಟ್ ದರದ ಜೊತೆಗೆ ಬಂದರು ಶುಲ್ಕ, ಸೇವಾ ಶುಲ್ಕ, ವೈಫೈ, ಡ್ರಿಂಕ್ಸ್, ಕೆಳಗಿಳಿದು ಸುತ್ತುವ ಖರ್ಚು ಬೇರೆ ಬೇರೆ ಬರುತ್ತವೆ. ಎಲ್ಲ ಸೇರಿ ಎಷ್ಟು ಅಂತ ಬರಹದಲ್ಲಿ ಕೇಳಿ.

ಎರಡನೆಯದು ಸಿಂಗಾಪುರ, ಇದು ಲಕ್ಷದ್ವೀಪಕ್ಕೆ ಹೋಗುವುದಲ್ಲ. ಹೈದರಾಬಾದ್‌ನಿಂದ ನೇರ ವಿಮಾನ, ಅಲ್ಲಿಂದ ಮಲೇಷ್ಯಾದ ಪೆನಾಂಗ್, ಥಾಯ್ಲೆಂಡ್‌ನ ಫುಕೆಟ್ ಕಡೆಗೆ ಹೋಗುವ ದೊಡ್ಡ ಹಡಗುಗಳು. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಒಂದು ವಿಷಯವನ್ನು ಎಷ್ಟೋ ಜನ ಮರೆಯುತ್ತಾರೆ. ಹಡಗು ಹತ್ತಿ ಬೇರೆ ದೇಶಕ್ಕೆ ಹೋಗಿ ವಾಪಸ್ ಸಿಂಗಾಪುರದಲ್ಲೇ ಇಳಿದರೆ ಅದು ಎರಡನೇ ಸಲದ ಪ್ರವೇಶ. ಒಂದೇ ಸಲದ ವೀಸಾ ಸಾಲದು, ಮಲ್ಟಿಪಲ್ ಎಂಟ್ರಿ ಬೇಕು. ವಿದೇಶ ಪ್ಯಾಕೇಜಿಗೆ ಟಿಸಿಎಸ್ ಅಂತ ತೆರಿಗೆ ಹಿಡಿಯುತ್ತಾರೆ. ರಸೀದಿ ಜೋಪಾನವಾಗಿಡಿ, ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿಕೊಳ್ಳಬಹುದು.

ಮೂರನೆಯದು ನಾವು ಹೋದದ್ದು: ಕೊಚ್ಚಿಯಿಂದ ಲಕ್ಷದ್ವೀಪ ಆಡಳಿತದ ಹಡಗು. ಅಲ್ಲಿನ ಪ್ರವಾಸ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಹೆಸರು 'ಸ್ಪೋರ್ಟ್ಸ್'. ನಮ್ಮ ಮನೆಯವರು ಮೊದಲು ಅದನ್ನು ಕ್ರಿಕೆಟ್ ಕ್ಲಬ್ ಅಂದುಕೊಂಡಿದ್ದರು. ಅದರ 'ಸಮುದ್ರಂ' ಪ್ಯಾಕೇಜ್ ಐದು ದಿನದ್ದು. ಎಂ.ವಿ. ಕವರತ್ತಿ ಅನ್ನುವ ಏಳುನೂರು ಜನರ ಹಡಗು. ಹಗಲು ಒಂದೊಂದು ದ್ವೀಪ, ರಾತ್ರಿ ಹಡಗಿನಲ್ಲಿ ನಿದ್ದೆ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರೂ ನೋಡಬಹುದು. ಇದು ಐಷಾರಾಮಿ ಹಡಗಲ್ಲ. ದ್ವೀಪದ ಜನ ಆಸ್ಪತ್ರೆಗೆ, ಕಾಲೇಜಿಗೆ, ಮದುವೆಗೆ ಓಡಾಡುವ ಹಡಗು. ನನಗೆ ಅದೇ ಇಷ್ಟವಾಯಿತು.

ಹಡಗು ರಿಪೇರಿಗೆ ಹೋದರೆ ಆ ಸೀಸನ್ನಿನ ದಿನಗಳೇ ಏರುಪೇರಾಗುತ್ತವೆ. ಆದ್ದರಿಂದ ಕ್ಯಾಲೆಂಡರ್ ಹಿಡಿದು ಕೂರುವ ಮೊದಲು ಈ ಚಳಿಗಾಲಕ್ಕೆ ಯಾವ ಯಾವ ದಿನ ಹಡಗು ಇದೆ ಅಂತ ಅವರ ಕೊಚ್ಚಿ ಕಚೇರಿಗೆ ಫೋನ್ ಮಾಡಿ ಕೇಳಿ. 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿಗೆ ಹೋಗಿ ಬಂದ ಫೋಟೊ ಊರೆಲ್ಲ ಓಡಾಡಿದ ಮೇಲೆ ಕೇಳುವವರು ಜಾಸ್ತಿ ಆಗಿದ್ದಾರೆ. ದೀಪಾವಳಿ ಹೊತ್ತಿಗೇ ವಿಚಾರಿಸಿ.

ಜೋಡಿಯಾಗಿ ಹೋಗುವವರು ಕ್ಯಾಬಿನ್ ವಿಷಯ ಬಾಯಿಬಿಟ್ಟು ಕೇಳಬೇಕು. ಇಬ್ಬರ ಕ್ಯಾಬಿನ್ನೋ, ನಾಲ್ಕು ಬರ್ತಿನ ಕ್ಯಾಬಿನ್ನೋ? ಶೌಚಾಲಯ ಒಳಗೇ ಇದೆಯೋ? ನಮ್ಮ ಊರಿನ ಒಬ್ಬ ಏಜೆಂಟ್ "ಎಲ್ಲಾ ಫಸ್ಟ್ ಕ್ಲಾಸ್ ಅದ ಅಕ್ಕೋರೆ" ಅಂತ ಹೇಳಿ ನಾಲ್ಕು ಬರ್ತಿನದು ಮಾಡಿಸಿದ್ದ. ಐದು ದಿನ ನಾಸಿಕ್ ಕಡೆಯ ಒಂದು ಜೋಡಿ ನಮ್ಮ ಜೊತೆ. ಒಳ್ಳೆಯ ಜನ, ಆದರೆ ಅವರಲ್ಲಿ ಒಬ್ಬರ ಗೊರಕೆ ಹಡಗಿನ ಎಂಜಿನ್ನಿಗೇ ಸವಾಲು ಹಾಕುವಂತಿತ್ತು.

ಪರ್ಮಿಟ್ ಅನ್ನುವ ಕಾಗದ

ಲಕ್ಷದ್ವೀಪ ನಮ್ಮದೇ ದೇಶ. ಆದರೂ ಹೊರಗಿನವರು ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. 1967ರ ನಿಯಮ ಅದು. ಒಟ್ಟು 36 ದ್ವೀಪ, ಜನ ಇರುವುದು ಹತ್ತರಲ್ಲಿ ಮಾತ್ರ. ಎಲ್ಲ ಸೇರಿಸಿದರೂ ನೆಲ 32 ಚದರ ಕಿಲೋಮೀಟರ್. ನಮ್ಮ ಕಲಬುರಗಿ ನಗರವೇ ಅದಕ್ಕಿಂತ ದೊಡ್ಡದು. ಅಷ್ಟು ಚಿಕ್ಕ ಜಾಗಕ್ಕೆ ಬಂದ ಬಂದವರನ್ನೆಲ್ಲ ಬಿಟ್ಟರೆ ಅಲ್ಲಿನವರ ಗತಿ ಏನು?

ಪ್ಯಾಕೇಜಿನಲ್ಲಿ ಹೋದರೆ ಪರ್ಮಿಟ್ ಕೆಲಸವನ್ನು ಅವರೇ ಮಾಡಿಸುತ್ತಾರೆ. ನೀವು ಅರ್ಜಿ, ಫೋಟೊ, ಗುರುತಿನ ಚೀಟಿ ಕೊಡಬೇಕು. ಪೊಲೀಸ್ ಠಾಣೆಯಿಂದ ನಡತೆ ಪ್ರಮಾಣಪತ್ರ ಬೇಕೋ ಅಂತ ಬುಕ್ ಮಾಡುವ ದಿನವೇ ಕೇಳಿ. ಬೇಕು ಅಂದರೆ ತಡ ಮಾಡಬೇಡಿ, ನಮ್ಮ ಠಾಣೆಯಲ್ಲಿ ಜಾತ್ರೆ, ಬಂದೋಬಸ್ತ್ ಅಂತ ವಾರ ಕಳೆದೇ ಹೋಗುತ್ತದೆ. ಆಧಾರ್‌ನಲ್ಲಿ ಇರುವ ಹೆಸರೇ ಎಲ್ಲ ಕಡೆ ಇರಲಿ. ನಮ್ಮ ಕಡೆ ಹೆಂಗಸರ ಹೆಸರು ಒಂದು ಕಡೆ ತವರಿನದು, ಇನ್ನೊಂದು ಕಡೆ ಗಂಡನ ಮನೆಯದು ಇರುತ್ತದೆ. ನನ್ನದೂ ಹಾಗೇ ಇತ್ತು, ಎರಡು ಸಲ ಅರ್ಜಿ ತಿದ್ದಬೇಕಾಯಿತು. ಪರ್ಮಿಟ್ಟಿನ ಮೂರು ನಾಲ್ಕು ಜೆರಾಕ್ಸ್ ಜೊತೆಗಿಡಿ.

ಕೊಚ್ಚಿ ಮುಟ್ಟುವುದು

ಪುಣೆ–ಕನ್ಯಾಕುಮಾರಿ ರೈಲು ಕಲಬುರಗಿ, ಯಾದಗಿರಿ ಮೇಲಿಂದಲೇ ಎರ್ನಾಕುಲಂಗೆ, ಅಂದರೆ ಕೊಚ್ಚಿಗೆ, ಹೋಗುತ್ತದೆ. ಹಳಬರಿಗೆ ಅದು ಜಯಂತಿ ಜನತಾ. ಒಂದು ಹಗಲು, ಒಂದು ರಾತ್ರಿ ಕೂತರೆ ಮರುದಿನ ಅಲ್ಲಿ. ಬದಲಾಯಿಸುವ ತಾಪತ್ರಯ ಇಲ್ಲ. ಬೀದರ್‌ನವರಿಗೆ ಹೈದರಾಬಾದ್ ಹತ್ತಿರ, ಅಲ್ಲಿಂದ ಕೊಚ್ಚಿಗೆ ವಿಮಾನ ಇದೆ.

ನಾವು ಹೋಗುವಾಗ ಹೈದರಾಬಾದ್ ದಾರಿ ಹಿಡಿದೆವು. ಬಾಡಿಗೆ ಕಾರು ಚಿಂಚೋಳಿ ದಾಟುವುದರೊಳಗೆ ಎರಡು ಸಲ ಪಂಕ್ಚರ್. ಒಂದೇ ಸ್ಟೆಪ್ನಿ. ರಸ್ತೆ ಬದಿ ಬೇವಿನ ಗಿಡದ ಕೆಳಗೆ ಕೂತು ಇದ್ದ ರೊಟ್ಟಿ ಅಲ್ಲೇ ಬಿಚ್ಚಿ ತಿಂದೆವು. ವಿಮಾನ ಹೋಯಿತು. ನಾನು "ಏನ್ರೀ, ಹಡಗೂ ಹೋದ್ರ ಏನ್ ಮಾಡದು?" ಅಂದೆ. ಅವರು ಬೆರಳಲ್ಲಿ ಎಣಿಸಿ, "ಹಡಗು ನಾಡಿದ್ದು ಅದ, ನೀ ಸುಮ್ಕಿರು" ಅಂದರು. ಬೇರೆ ಟಿಕೆಟ್ಟಿಗೆ ದುಡ್ಡು ಹೋಯಿತು, ಪ್ರವಾಸ ಉಳಿಯಿತು.

ಹಾಗಾಗಿ ಹಡಗು ಹೊರಡುವ ದಿನದ ಹಿಂದಿನ ಸಂಜೆಯೊಳಗೆ ಕೊಚ್ಚಿಯಲ್ಲಿರಿ. ಹಡಗು ಹೊರಡುವುದು ವಿಲ್ಲಿಂಗ್ಡನ್ ದ್ವೀಪದ ಬಂದರಿನಿಂದ. ತಪಾಸಣೆಗೆ ಕೆಲವು ಗಂಟೆ ಮೊದಲೇ ಬರಲು ಹೇಳಿರುತ್ತಾರೆ, ಹೇಳಿದ ಹೊತ್ತಿಗೆ ಹೋಗಿ. ಉಳಿದ ಸಮಯದಲ್ಲಿ ಫೋರ್ಟ್ ಕೊಚ್ಚಿಗೆ ಹೋಗಿ ಚೀನೀ ಬಲೆ ನೋಡಬಹುದು. ಜೆಟ್ಟಿಯಿಂದ ಜೆಟ್ಟಿಗೆ ದೋಣಿಯಲ್ಲಿ ಹೋಗಿ. ನೀರಿನ ಮೇಲೆ ನಿಮ್ಮ ಹೊಟ್ಟೆ ಹೇಗಿರುತ್ತದೆ ಅಂತ ಅಲ್ಲೇ ಒಂದು ಅಂದಾಜು ಸಿಗುತ್ತದೆ.

ಬ್ಯಾಗ್

ನಮ್ಮಲ್ಲಿ ಬೆಳಗ್ಗೆ ಚಳಿ ಅಂತ ಸ್ವೆಟರ್ ತುಂಬಬೇಡಿ. ಅಲ್ಲಿ ಚಳಿಗಾಲ ಅನ್ನುವುದೇ ಇಲ್ಲ, ಹಗಲು ಮೂವತ್ತರ ಮೇಲೆ, ಮೈಯೆಲ್ಲ ಬೆವರು. ತೆಳು ಹತ್ತಿ ಬಟ್ಟೆ, ಬೇಗ ಒಣಗುವ ಒಂದೆರಡು ಜೊತೆ ಸಾಕು. ಹಡಗಿನ ಏಸಿಗೆ ಒಂದು ಶಾಲು ಇರಲಿ.

"ನಾವು ಕಲಬುರಗಿಯವರು, ನಮಗೇನು ಬಿಸಿಲು" ಅನ್ನುವ ಜಂಬ ನನಗೂ ಇತ್ತು. ಅಲ್ಲಿ ಬಿಸಿಲು ಮೇಲಿನಿಂದ ಒಂದು, ಬಿಳಿ ಮರಳಿನಿಂದ ಒಂದು, ನೀರಿನಿಂದ ಒಂದು. ಮೊದಲ ದಿನವೇ ಮೂಗಿನ ಸಿಪ್ಪೆ ಎದ್ದಿತು. ಟೋಪಿ, ತಂಪು ಕನ್ನಡಕ, ಸನ್‌ಸ್ಕ್ರೀನ್, ತುಂಬು ತೋಳಿನ ಅಂಗಿ ಬೇಕೇ ಬೇಕು. ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿಯೂ ಬೇಕು. ಹವಳದ ಚೂರು ಕಾಲು ಕೊಯ್ಯುತ್ತದೆ, ಆ ಗಾಯ ಬೇಗ ಮಾಯುವುದಿಲ್ಲ.

ಊಟದ ಬಗ್ಗೆ. ಸರ್ಕಾರಿ ಹಡಗಿನಲ್ಲಿ ಸಸ್ಯಾಹಾರ ಸಿಗುತ್ತದೆ. ಅನ್ನ, ಸಾರು, ಪಲ್ಯ, ಕೇರಳದ ರುಚಿ, ಎಲ್ಲದರಲ್ಲೂ ತೆಂಗು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಒಣ ಕಾರದ ಪುಡಿ ಒಯ್ದಿದ್ದೆವು. ಯಾರೂ ಬೇಡ ಅನ್ನಲಿಲ್ಲ. ರೊಟ್ಟಿಯನ್ನು ಗಾಳಿಯಾಡದ ಡಬ್ಬಿಯಲ್ಲಿಡಿ, ಆ ಹವೆಗೆ ಒಂದು ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಖಾಸಗಿ ಕ್ರೂಸಿನಲ್ಲಿ ಮಾತ್ರ ಹೊರಗಿನ ಊಟ, ಇಸ್ತ್ರಿ ಪೆಟ್ಟಿಗೆ, ಕೆಟಲ್ ಸಾಮಾನ್ಯವಾಗಿ ಬಿಡುವುದಿಲ್ಲ. ಅಲ್ಲಿ ಜೈನ್ ಊಟ, ಸಸ್ಯಾಹಾರ ಬೇಕು ಅಂತ ಬುಕಿಂಗ್‌ನಲ್ಲೇ ಬರೆಸಿ.

ಬಿಪಿ, ಶುಗರ್ ಮಾತ್ರೆ ಇರುವವರು ಐದು ದಿನಕ್ಕೆ ಅಂತ ಐದೇ ದಿನದ್ದು ಒಯ್ಯಬಾರದು. ಹತ್ತು ದಿನದ್ದು ಇರಲಿ. ನಗದು ದುಡ್ಡೂ ಇರಲಿ. ಬಿಎಸ್‌ಎನ್‌ಎಲ್, ಏರ್‌ಟೆಲ್ ದ್ವೀಪದಲ್ಲಿ ಸಿಗ್ನಲ್ ಕೊಡುತ್ತವೆ. 2024ರಲ್ಲಿ ಕೊಚ್ಚಿಯಿಂದ ಸಮುದ್ರದಡಿ ಕೇಬಲ್ ಶುರುವಾದ ಮೇಲೆ ಇಂಟರ್‌ನೆಟ್ ಸುಧಾರಿಸಿದೆ. ನಡುಸಮುದ್ರದಲ್ಲಿ ಏನೂ ಇಲ್ಲ. ಮಕ್ಕಳಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಫೋನ್ ಹತ್ತಲಿಲ್ಲ ಅಂತ ಊರೆಲ್ಲ ಗಾಬರಿ.

ಮೊದಲ ರಾತ್ರಿ

ಹಡಗು ಹತ್ತಿದ ಕೂಡಲೇ ಎರಡು ಕೆಲಸ. ನಿಮ್ಮ ಕ್ಯಾಬಿನ್ನಿನಿಂದ ಮೇಲಿನ ಡೆಕ್‌ಗೆ ಹೋಗುವ ದಾರಿ ಒಮ್ಮೆ ನಡೆದು ನೋಡಿ. ಲೈಫ್ ಜಾಕೆಟ್ ಎಲ್ಲಿದೆ, ಕಟ್ಟುವುದು ಹೇಗೆ ಅಂತ ತಿಳಿದುಕೊಳ್ಳಿ. ದೊಡ್ಡ ಕ್ರೂಸ್‌ಗಳಲ್ಲಿ ಇದರ ಕವಾಯತು ಕಡ್ಡಾಯ. 2012ರ ಜನವರಿಯಲ್ಲಿ ಇಟಲಿಯ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದಾಗ ಆಗಷ್ಟೇ ಹತ್ತಿದ್ದ ಎಷ್ಟೋ ಜನಕ್ಕೆ ಕವಾಯತೇ ಆಗಿರಲಿಲ್ಲ. ಆಮೇಲೆ ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಿಸಬೇಕು ಅಂತ ನಿಯಮ ಬಿಗಿ ಮಾಡಿದರು. ಆ ಅರ್ಧ ಗಂಟೆಯಲ್ಲಿ ಸೆಲ್ಫಿ ತೆಗೆಯುತ್ತ ನಿಲ್ಲಬೇಡಿ.

ಇನ್ನು ವಾಂತಿ. ಕಣ್ಣು ಗೋಡೆ ನೋಡಿ "ನಿಂತಿದ್ದೇವೆ" ಅನ್ನುತ್ತದೆ, ಕಿವಿಯೊಳಗಿನ ಸಮತೋಲದ ಅಂಗ "ಅಲ್ಲಾಡುತ್ತಿದ್ದೇವೆ" ಅನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆ ಸೋಲುತ್ತದೆ, ಅಷ್ಟೇ. ಅದಕ್ಕೇ ತಲೆ ಸುತ್ತಿದಾಗ ಕ್ಯಾಬಿನ್ನಿನಲ್ಲಿ ಮಲಗಿ ಫೋನ್ ನೋಡಿದರೆ ಇನ್ನೂ ಕೆಡುತ್ತದೆ. ಡೆಕ್‌ಗೆ ಬಂದು ದೂರದಲ್ಲಿ ನೀರು ಆಕಾಶ ಸೇರುವ ಗೆರೆ ನೋಡಿ. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಅಲ್ಲಾಟ ಕಡಿಮೆ. ಬರ್ತ್ ಆರಿಸಲು ಬಿಟ್ಟರೆ ಅಲ್ಲೇ ಕೇಳಿ. ಹೊಟ್ಟೆ ಖಾಲಿ ಬಿಡಬೇಡಿ, ಬಿರಿಯುವಷ್ಟೂ ತಿನ್ನಬೇಡಿ. ಶುಂಠಿ ಚೂರು ಬಾಯಲ್ಲಿಟ್ಟುಕೊಂಡರೆ ನನಗೆ ಹಿತವಾಯಿತು.

ಅವೊಮಿನ್ ಥರದ ಮಾತ್ರೆ ಕೆಲಸ ಮಾಡುತ್ತದೆ. ಆದರೆ ವಾಂತಿ ಶುರುವಾದ ಮೇಲೆ ನುಂಗಿ ಪ್ರಯೋಜನ ಇಲ್ಲ, ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಭಾಳ ನಿದ್ದೆ ಬರುತ್ತದೆ. ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆ ಅಥವಾ ಪ್ರಾಸ್ಟೇಟ್ ತೊಂದರೆ ಇದ್ದವರು ನಿಮ್ಮ ಡಾಕ್ಟರನ್ನು ಊರಲ್ಲೇ ಕೇಳಿ ಒಯ್ಯಿರಿ. ಮಿನಿಕಾಯ್‌ಗೆ ಹೋಗುವ ರಾತ್ರಿ ನೈನ್ ಡಿಗ್ರಿ ಚಾನೆಲ್ ಅನ್ನುವ ಅಗಲ ಸಮುದ್ರ ದಾಟಬೇಕು. ನಮ್ಮ ಹಡಗು ಜಾಸ್ತಿ ತೂಗಿದ್ದು ಅಲ್ಲೇ. ಆ ರಾತ್ರಿ ನಮ್ಮ ಮನೆಯವರು ಊಟ ಬಿಟ್ಟು ವಿಭೂತಿ ಹಚ್ಚಿಕೊಂಡು ಮಲಗಿದರು.

ದೋಣಿಗೆ ಇಳಿಯುವುದು

ಈ ವಿಷಯವನ್ನು ನಮಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಮನೆಯವರ ಮೊಣಕಾಲಿಗೆ ಒಂದು ತಿಂಗಳು ಮೊದಲೇ ವ್ಯಾಯಾಮ ಮಾಡಿಸುತ್ತಿದ್ದೆ.

ದ್ವೀಪದ ಸುತ್ತ ಹವಳದ ದಿಬ್ಬ ಕೋಟೆಯ ಹಾಗೆ ಇರುತ್ತದೆ. ಅದರೊಳಗೆ ಆಳವಿಲ್ಲದ ಹಸಿರು ನೀಲಿ ನೀರು, ಅದೇ ಲಗೂನ್. ಏಳುನೂರು ಜನರ ಹಡಗು ಆ ಕೋಟೆಯೊಳಗೆ ನುಗ್ಗಲಾರದು. ಹೊರಗೆ ನಿಲ್ಲುತ್ತದೆ. ಚಿಕ್ಕ ದೋಣಿಗಳು ಬಂದು ಹಡಗಿನ ಹೊಟ್ಟೆಗೆ ತಾಗಿ ನಿಲ್ಲುತ್ತವೆ. ಹಡಗಿನ ಬದಿಯ ಬಾಗಿಲಿನಿಂದ ನೀವು ದೋಣಿಗೆ ಹೆಜ್ಜೆ ಇಡಬೇಕು. ಹಡಗು ಅಷ್ಟಾಗಿ ಅಲ್ಲಾಡುವುದಿಲ್ಲ. ದೋಣಿ ಮಾತ್ರ ಜೋಕಾಲಿ. ಒಮ್ಮೆ ನಿಮ್ಮ ಕಾಲಿನ ಮಟ್ಟಕ್ಕೆ, ಮರುಗಳಿಗೆ ನಾಲ್ಕು ಅಡಿ ಕೆಳಗೆ.

ಹೇಗೆ ಇಳಿಯಬೇಕು? ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟಿ. ಎರಡೂ ಕೈ ಖಾಲಿ ಇರಲಿ, ಚೀಲ ಬೆನ್ನಿಗೆ, ಫೋನ್ ಪ್ಲಾಸ್ಟಿಕ್ ಚೀಲದಲ್ಲಿ. ಬಾಗಿಲಲ್ಲಿ ನಿಂತ ಹುಡುಗರ ಮಾತು ಕೇಳಿ. ದೋಣಿ ಮೇಲೆ ಬಂದಾಗ ಅವರು "ಬಾ" ಅನ್ನುತ್ತಾರೆ, ಆಗ ಅನುಮಾನಿಸದೆ ಹೆಜ್ಜೆ ಇಡಿ. ಅರ್ಧ ಹೆಜ್ಜೆ ಇಟ್ಟು ನಿಲ್ಲುವುದು ಎಲ್ಲಕ್ಕಿಂತ ಅಪಾಯ. ಅವರು ನಿಮ್ಮ ಮುಂಗೈ ಹಿಡಿಯುತ್ತಾರೆ, ನೀವು ಅವರ ಮುಂಗೈ ಹಿಡಿಯಿರಿ. ಗಂಡ-ಹೆಂಡತಿ ಒಬ್ಬರ ಕೈ ಒಬ್ಬರು ಹಿಡಿದು ಇಳಿಯುವ ಪ್ರೀತಿ ಅಲ್ಲಿ ಬೇಡ. ನಾನು ಅವರ ತೋಳು ಬಿಡಲಿಲ್ಲ ಅಂತ ಒಬ್ಬ ಹುಡುಗ ಬೈದೇ ಬಿಟ್ಟ. ಬೈದದ್ದು ಸರಿಯಾಗಿಯೇ ಇತ್ತು.

ಹೆಂಗಸರಿಗೆ ಸೀರೆ ಬೇಡ. ನಾನು ಚೂಡಿದಾರ್ ಹಾಕಿದ್ದೆ, ನಾಸಿಕ್‌ನ ಅವರು ಸೀರೆಯಲ್ಲಿ ಭಾಳ ಕಷ್ಟಪಟ್ಟರು. ಮೊಣಕಾಲು ಆಪರೇಷನ್ ಆದವರು, ನೆಟ್ಟಗೆ ಮೆಟ್ಟಿಲು ಹತ್ತಲಾರದವರು, ಬಸುರಿಯರು ಈ ಪ್ಯಾಕೇಜ್ ಬಿಟ್ಟು ಬೇರೆ ನೋಡುವುದು ಒಳ್ಳೆಯದು. ಮನೆಯಲ್ಲಿ ಒಂದು ಪರೀಕ್ಷೆ ಮಾಡಿಕೊಳ್ಳಿ: ಏನನ್ನೂ ಹಿಡಿಯದೆ ಎತ್ತರದ ಕಟ್ಟೆಯಿಂದ ಒಂದು ಕಾಲಲ್ಲಿ ಇಳಿಯಲು, ವಾಪಸ್ ಹತ್ತಲು ಆಗುತ್ತದೆಯೇ? ಆದರೆ ಹೊರಡಿ.

ಗಾಳಿ ಜೋರಿದ್ದರೆ ಆ ದಿನ ದ್ವೀಪಕ್ಕೆ ಇಳಿಸದೆಯೂ ಇರಬಹುದು, ದ್ವೀಪಗಳ ಸರದಿ ಬದಲಾಗಬಹುದು. ಜಗಳ ಮಾಡಿ ಉಪಯೋಗ ಇಲ್ಲ. ಡೆಕ್‌ನಲ್ಲಿ ಕೂತು ಹಾರುವ ಮೀನು ಎಣಿಸಿ.

ದ್ವೀಪದಲ್ಲಿ

ಕವರತ್ತಿ ರಾಜಧಾನಿ. ಅಲ್ಲಿ ಉಜ್ರ ಮಸೀದಿಯ ಮರದ ಕೆತ್ತನೆ ನೋಡಬೇಕು. ಗಾಜಿನ ತಳದ ದೋಣಿಯಲ್ಲಿ ಕೂತರೆ ಈಜು ಬಾರದವರಿಗೂ ಹವಳ, ಬಣ್ಣದ ಮೀನು ಕಾಣುತ್ತವೆ. ನಮಗೆ ಈಜು ಬರುವುದಿಲ್ಲ. ಆದರೂ ಲೈಫ್ ಜಾಕೆಟ್ ಹಾಕಿ, ಹುಡುಗನೊಬ್ಬ ಹಿಡಿದುಕೊಂಡು, ಸ್ನಾರ್ಕೆಲ್ ಮಾಡಿಸಿದ, ಅಂದರೆ ಬಾಯಿಗೆ ಕೊಳವೆ ಕಚ್ಚಿ ನೀರೊಳಗೆ ಮುಖ ಇಟ್ಟು ನೋಡುವುದು. ಬಾಯಲ್ಲೇ ಉಸಿರಾಡಬೇಕು, ಮೊದಲ ಐದು ನಿಮಿಷ ಉಪ್ಪು ನೀರು ಕುಡಿಯುತ್ತೀರಿ, ಆಮೇಲೆ ಎದ್ದು ಬರಲು ಮನಸ್ಸೇ ಆಗುವುದಿಲ್ಲ.

ಕಲ್ಪೇನಿಯ ಲಗೂನ್ ದೊಡ್ಡದು, ಕಯಾಕ್ ಅನ್ನುವ ಚಿಕ್ಕ ಹುಟ್ಟುದೋಣಿ ಓಡಿಸಲು ಚೆನ್ನ. ಪೂರ್ವ ದಂಡೆಯಲ್ಲಿ ಹವಳದ ಕಲ್ಲುಗಳ ರಾಶಿ ಕಾಣುತ್ತದೆ. 1847ರ ಬಿರುಗಾಳಿ ಎತ್ತಿ ಹಾಕಿದ್ದಂತೆ. ಚಂದ ಇದೆ ಅಂತ ಒಂದು ಚೂರೂ ಜೇಬಿಗೆ ಹಾಕಬೇಡಿ. ಹವಳ ಒಯ್ಯುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಮೊಮ್ಮಕ್ಕಳಿಗೆ ಬೇಕಾದರೆ ತೆಂಗಿನ ಬೆಲ್ಲ ತನ್ನಿ.

ಮಿನಿಕಾಯ್ ಬೇರೆಯೇ ಲೋಕ. ಉಳಿದ ದ್ವೀಪಗಳಲ್ಲಿ ಮಲಯಾಳದ ಥರದ ಮಾತು, ಇಲ್ಲಿ ಮಹಲ್, ಅದು ಮಾಲ್ಡೀವ್ಸ್‌ನವರ ಭಾಷೆಯ ಬಳಗ. ಹಿಂದಿ ನಡೆಯುತ್ತದೆ. ನಮ್ಮ ಮನೆಯವರ ಕಲಬುರಗಿ ಉರ್ದು ಕೇಳಿ ಒಬ್ಬ ಅಜ್ಜ ನಕ್ಕು ಎಳನೀರು ಕೊಡಿಸಿದರು. 1885ರ ದೀಪಸ್ತಂಭ ಹತ್ತಲು ಬಿಟ್ಟರೆ ಮೊಣಕಾಲು ಗಟ್ಟಿ ಇದ್ದವರು ಹತ್ತಿ. ಅರ್ಧಚಂದ್ರದ ಹಾಗೆ ಬಾಗಿದ ದ್ವೀಪ ಪೂರ್ತಿ ಕಣ್ಣಿಗೆ ಬೀಳುತ್ತದೆ. ನಾನು ಹತ್ತಿದೆ, ಅವರು ಕೆಳಗೆ ಕೂತು ನನ್ನ ಚಪ್ಪಲಿ ಕಾದರು.

ದ್ವೀಪದವರು ಬಹುಪಾಲು ಮುಸ್ಲಿಮರು. ಊರೊಳಗೆ ಮೈ ಮುಚ್ಚುವ ಬಟ್ಟೆ ಹಾಕಿ, ಈಜುಡುಗೆ ನೀರಿನ ಹತ್ತಿರ ಮಾತ್ರ. ಕೇಳದೆ ಹೆಂಗಸರ ಫೋಟೊ ತೆಗೆಯಬೇಡಿ. ಮದ್ಯ ನಿಷೇಧ ಇದೆ, ಬ್ಯಾಗಿನಲ್ಲಿ ಬಾಟಲಿ ಇಟ್ಟುಕೊಂಡು ಹೋಗುವ ಜಾಣತನ ಬೇಡ.

ವಾಪಸ್ ಬರುವಾಗ

ಐದನೇ ದಿನ ಬೆಳಗ್ಗೆ ಕೊಚ್ಚಿ ಅಂತ ಕಾಗದದಲ್ಲಿ ಇರುತ್ತದೆ. ಅವತ್ತೇ ಮಧ್ಯಾಹ್ನದ ವಿಮಾನಕ್ಕೆ ಟಿಕೆಟ್ ತೆಗೆಸಬೇಡಿ. ಎರಡನೇ ಖಾಲಿ ದಿನ ಇರುವುದು ಇದಕ್ಕೇ. ನಾವು ಆ ರಾತ್ರಿ ಕೊಚ್ಚಿಯಲ್ಲೇ ತಂಗಿ, ಉಪ್ಪು ಹಿಡಿದ ಬಟ್ಟೆ ಒಗೆದು ಒಣಗಿಸಿ, ಮರುದಿನ ರೈಲು ಹತ್ತಿದೆವು.

ಭೂಮಿಗೆ ಇಳಿದ ಮೇಲೂ ನೆಲ ತೂಗಿದಂತೆ ಅನಿಸುತ್ತದೆ, ಗಾಬರಿ ಬೇಡ. ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಹೋಗುತ್ತದೆ. ಸ್ನಾನದ ಮನೆಯಲ್ಲಿ ಗೋಡೆ ಹಿಡಿದು ನಿಲ್ಲಿ, ಆ ಎರಡು ದಿನ ಗಾಡಿ ಓಡಿಸಬೇಡಿ. ವಾರ ಕಳೆದರೂ ನಿಲ್ಲದಿದ್ದರೆ ಕಿವಿ ಡಾಕ್ಟರ ಹತ್ತಿರ ಹೋಗಿ. ನಮ್ಮ ಮನೆಯವರಿಗೆ ಮೂರನೇ ದಿನ ಸರಿಹೋಯಿತು. ಅಷ್ಟರಲ್ಲಿ ಅವರು ಅಂಡಮಾನ್‌ಗೆ ಚೆನ್ನೈಯಿಂದ ಹಡಗು ಎಷ್ಟು ದಿನ ತಗೋತದ ಅಂತ ವಿಚಾರಿಸಲು ಶುರು ಮಾಡಿದ್ದರು.